ಸಿಗ್ನಲ್ ಕ್ಯಾಬಿನ್ ಮುಚ್ಚಿದಾಗ ಅದರೊಳಗಿನ ಬೀಗಗಳು ಎಲ್ಲಿಗೆ ಹೋಗುತ್ತವೆ?

ಬ್ರಿಟನ್ನಿನ ಹಳೆಯ ರೈಲುಹಾದಿಗಳ ಪಕ್ಕದಲ್ಲಿ ಎರಡಂತಸ್ತಿನ ಪುಟ್ಟ ಕಟ್ಟಡಗಳು ಕಾಣಸಿಗುತ್ತವೆ. ಕೆಳಗೆ ಇಟ್ಟಿಗೆ ಗೋಡೆ, ಮೇಲೆ ಮರದ ಚೌಕಟ್ಟು, ಮೂರು ಕಡೆ ಗಾಜಿನ ಕಿಟಕಿ. ಒಳಗೆ ನಿಂತ ಸಿಗ್ನಲ್‌ಮನ್ ಲಿವರುಗಳನ್ನು ಎಳೆದು ಸಿಗ್ನಲ್‌ಗಳನ್ನೂ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟ್‌ಗಳನ್ನೂ ನಡೆಸುತ್ತಾನೆ; ತಪ್ಪು ಲಿವರ್ ಬಾರದಂತೆ ತಡೆಯುವುದು ಬೀಗಗಳ ಕೆಲಸ. ಅಲ್ಲಿಯವರು ಸಿಗ್ನಲ್ ಬಾಕ್ಸ್ ಅನ್ನುವುದನ್ನು ನಮ್ಮ ರೈಲ್ವೆಯವರು ಕ್ಯಾಬಿನ್ ಎಂದೇ ಕರೆಯುತ್ತ ಬಂದಿದ್ದಾರೆ; ಇಲ್ಲಿಯೂ ಹಾಗೇ ಕರೆಯೋಣ. 1900ರ ಹೊತ್ತಿಗೆ ಆ ದೇಶದಲ್ಲಿ ಇಂಥವು ಹತ್ತು ಸಾವಿರಕ್ಕೂ ಹೆಚ್ಚಿದ್ದವು. 2010ರ ದಶಕದ ಆರಂಭಕ್ಕೆ 800ರ ಆಸುಪಾಸಿಗೆ ಇಳಿದಿದ್ದವು. ಆ ಉಳಿದವುಗಳ ಕೆಲಸವನ್ನೂ 14 ದೊಡ್ಡ ನಿಯಂತ್ರಣ ಕೇಂದ್ರಗಳಿಗೆ ಸಾಗಿಸುವ ಯೋಜನೆಯನ್ನು, ಅಲ್ಲಿನ ಹಳಿ ಮತ್ತು ಸಿಗ್ನಲ್‌ಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆ ಪ್ರಕಟಿಸಿತು. ಆಮೇಲೆ ಕೇಂದ್ರಗಳ ಸಂಖ್ಯೆ 12ಕ್ಕೆ ಇಳಿಯಿತು.

ಕ್ಯಾಬಿನ್ ಕೆಡವುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕೆ ಬದಲಿ ವ್ಯವಸ್ಥೆ ತರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಏಕೆಂದರೆ ಅದರೊಳಗಿನ ಲಿವರು, ಗಂಟೆ, ಗೋಡೆಯ ನಕ್ಷೆ, ಕೊನೆಗೆ ಲಿವರಿಗೆ ತೊಡಿಸುವ ಒಂದು ಉಕ್ಕಿನ ಬಳೆ ಕೂಡ ಹಿಂದೆಂದೋ ನಡೆದ ಒಂದು ನಿರ್ದಿಷ್ಟ ತಪ್ಪಿಗೆ ಕಂಡುಕೊಂಡ ಉತ್ತರ. ಕಂಪ್ಯೂಟರ್ ಬಂದಾಗ ಆ ಒಂದೊಂದು ಉತ್ತರಕ್ಕೂ ಹೊಸ ಜಾಗ ಹುಡುಕಿಕೊಡಬೇಕು. ಒಂದು ಬಿಟ್ಟುಹೋದರೂ ಹಳೆಯ ತಪ್ಪು ಮತ್ತೆ ತಲೆಯೆತ್ತುತ್ತದೆ. ಆದ್ದರಿಂದ ಬದಲಾವಣೆಯ ಕಥೆ ಅರ್ಥವಾಗಬೇಕಾದರೆ ಮೊದಲು ಕ್ಯಾಬಿನ್ನಿನ ಒಳಗೆ ಏನೇನಿತ್ತು, ಅದು ಯಾಕಿತ್ತು ಎಂಬುದನ್ನು ನೋಡಬೇಕು.

ಬಾವುಟದಿಂದ ಲಿವರಿಗೆ

1830ರ ದಶಕದ ರೈಲುಗಳಿಗೆ ದಾರಿ ತೋರಿಸುತ್ತಿದ್ದವರು ಕಂಪನಿಯ ಪೊಲೀಸರು. ಹಗಲು ಬಾವುಟ, ರಾತ್ರಿ ದೀಪ ಹಿಡಿದು ಹಳಿಯ ಬದಿಗೆ ನಿಲ್ಲುತ್ತಿದ್ದರು. ಮುಂದಿನ ರೈಲು ಹೋಗಿ ಇಂತಿಷ್ಟು ನಿಮಿಷ ಕಳೆಯಿತೆಂದರೆ ಹಿಂದಿನದನ್ನು ಬಿಡುವುದು, ಇಷ್ಟೇ ನಿಯಮ. ಹೋದ ರೈಲು ನಡುದಾರಿಯಲ್ಲಿ ಕೆಟ್ಟು ನಿಂತಿದ್ದರೆ ಅದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ.

1840ರ ದಶಕದ ಮೊದಲಲ್ಲಿ ಚಾರ್ಲ್ಸ್ ಹಟ್ಟನ್ ಗ್ರೆಗರಿ ಎಂಬ ಎಂಜಿನಿಯರ್ ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ರೈಲ್ವೆ ಕೈಮರ ನೆಟ್ಟರು. ಹತ್ತಿರದ ಬ್ರಿಕ್‌ಲೇಯರ್ಸ್ ಆರ್ಮ್ಸ್ ಕವಲಿನಲ್ಲಿ ಸಿಗ್ನಲ್ ತಂತಿಗಳನ್ನೆಲ್ಲ ಒಂದೇ ಅಟ್ಟಣೆಗೆ ತಂದು, ಕಾಲಿನಿಂದ ತುಳಿಯುವ ರಿಕಾಪುಗಳ ಮೂಲಕ ಎಳೆಯುವಂತೆ ಮಾಡಿದ್ದೂ ಅವರೇ. ಚದುರಿದ್ದ ಕೆಲಸವನ್ನು ಒಬ್ಬನ ಕೈಗೆ, ಒಂದೇ ಎತ್ತರದ ಜಾಗಕ್ಕೆ ತರುವ ಆಲೋಚನೆ ಅಲ್ಲಿಂದ ಬೆಳೆಯಿತು. ಆದರೆ ಪಾಯಿಂಟ್ ಒಂದು ಕಡೆ ತಿರುಗಿರುವಾಗ ಸಿಗ್ನಲ್ ಇನ್ನೊಂದು ಕಡೆಗೆ ದಾರಿ ತೋರಿಸಿದರೆ ತಡೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ.

1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಪಾಯಿಂಟ್ ಮತ್ತು ಸಿಗ್ನಲ್ ಒಟ್ಟಿಗೆ ಚಲಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ದೊಡ್ಡ ಹೆಜ್ಜೆಯೇ, ಆದರೂ ಸಾಲದು. ಎರಡೂ ಒಟ್ಟಿಗೆ ಹೊರಟರೆ ಪಾಯಿಂಟ್ ಅರ್ಧದಲ್ಲಿ ಸಿಕ್ಕಿಕೊಂಡಾಗ ಸಿಗ್ನಲ್ಲೂ ಅರ್ಧ ಇಳಿದಿರುತ್ತದೆ. ಬೇಕಾದದ್ದು ಸರದಿ: ಪಾಯಿಂಟ್ ಪೂರ್ತಿ ತಿರುಗಿ ಕೂತ ಮೇಲಷ್ಟೇ ಸಿಗ್ನಲ್ ಅಲುಗಬೇಕು. 1860ರಲ್ಲಿ ಕೆಂಟಿಶ್ ಟೌನ್ ಕವಲಿನಲ್ಲಿ ಆಸ್ಟಿನ್ ಚೇಂಬರ್ಸ್ ಅದನ್ನು ಸಾಧಿಸಿದರು. ಇಂಟರ್‌ಲಾಕಿಂಗ್ ಎಂದು ಇಂದು ನಾವು ಕರೆಯುವುದು ನಿಜವಾಗಿ ಶುರುವಾದದ್ದು ಅಲ್ಲಿಂದ.

ಕೆಳಗಿನ ಕೋಣೆ

ಮೇಲಿನ ಮಹಡಿಯಲ್ಲಿ ಸಾಲಾಗಿ ನಿಂತ ಲಿವರುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ನಿಲ್ಲಿಸುವ ಸಿಗ್ನಲ್‌ಗಳದ್ದು ಕೆಂಪು, ಮುಂಚಿತವಾಗಿ ಎಚ್ಚರಿಸುವ ಡಿಸ್ಟಂಟ್ ಸಿಗ್ನಲ್‌ಗಳದ್ದು ಹಳದಿ, ಪಾಯಿಂಟ್‌ಗಳದ್ದು ಕಪ್ಪು, ಪಾಯಿಂಟಿಗೆ ಬೀಗ ಹಾಕುವವು ನೀಲಿ, ಕೆಲಸವಿಲ್ಲದವು ಬಿಳಿ. ಕ್ಯಾಬಿನ್ನಿನ ಬುದ್ಧಿ ಇರುವುದು ಮಾತ್ರ ಕೆಳಗಿನ ಕತ್ತಲ ಕೋಣೆಯಲ್ಲಿ.

ಪ್ರತಿ ಲಿವರೂ ಒಂದು ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ ಜಾರಿಸುತ್ತದೆ. ಇದಕ್ಕೆ ಟ್ಯಾಪೆಟ್ ಎಂದು ಹೆಸರು. 1870ರ ಸುಮಾರಿಗೆ ಸ್ಟೀವನ್ಸ್ ಕಂಪನಿಯ ಕೈಯಲ್ಲಿ ರೂಪಗೊಂಡ ಈ ವಿಧಾನ ಕ್ರಮೇಣ ಎಲ್ಲೆಡೆ ಹರಡಿತು. ಪಟ್ಟಿಯ ಅಂಚಿನಲ್ಲಿ ಇಳಿಜಾರು ಬದಿಗಳ ಕಚ್ಚುಗಳಿರುತ್ತವೆ. ಎರಡು ಪಟ್ಟಿಗಳ ನಡುವೆ, ಅಡ್ಡಡ್ಡ ಜಾರುವಂತೆ, ಒಂದು ಬೀಗದ ತುಂಡು ಕೂತಿರುತ್ತದೆ. ಅದರ ಅಳತೆಯಲ್ಲೇ ಗುಟ್ಟಿದೆ: ಪಟ್ಟಿಗಳ ನಡುವಿನ ಅಂತರಕ್ಕಿಂತ ಅದು ಒಂದು ಕಚ್ಚಿನ ಆಳದಷ್ಟು ಉದ್ದ. ಹಾಗಾಗಿ ಯಾವ ಹೊತ್ತಿಗೂ ಅದರ ಒಂದು ತುದಿ ಯಾವುದಾದರೊಂದು ಪಟ್ಟಿಯ ಕಚ್ಚಿನೊಳಗೆ ಇರಲೇಬೇಕು.

ಒಂದು ಸರಳ ಕವಲನ್ನು ತೆಗೆದುಕೊಳ್ಳೋಣ. ಮುಖ್ಯ ಹಳಿಯಿಂದ ಒಂದು ಶಾಖೆ ಬೇರೆಯಾಗುತ್ತದೆ. 2ನೆಯ ಲಿವರ್ ಮುಖ್ಯ ಹಳಿಯ ಸಿಗ್ನಲ್, 3ನೆಯದು ಶಾಖೆಯ ಸಿಗ್ನಲ್, 5ನೆಯದು ಪಾಯಿಂಟ್, 6ನೆಯದು ಪಾಯಿಂಟಿನ ಬೀಗ. ಶಾಖೆಗೆ ರೈಲು ಕಳಿಸಬೇಕಾದರೆ ಮೊದಲು 5 ಎಳೆದು ಪಾಯಿಂಟ್ ತಿರುಗಿಸಬೇಕು, ಆಮೇಲೆ 6 ಎಳೆದು ಬೀಗ ಜಡಿಯಬೇಕು, ಕೊನೆಗೆ 3.

ಯಾರಾದರೂ 5 ಎಳೆಯದೆ ನೇರವಾಗಿ 3ಕ್ಕೆ ಕೈ ಹಾಕಿದರೆ? 3ರ ಪಟ್ಟಿ ಜಾರಲು ಹೊರಟಾಗ ಕಚ್ಚಿನ ಇಳಿಜಾರು ಬೀಗದ ತುಂಡನ್ನು ಪಕ್ಕಕ್ಕೆ, ಅಂದರೆ 5ರ ಪಟ್ಟಿಯತ್ತ ತಳ್ಳುತ್ತದೆ. 5ರ ಪಟ್ಟಿಯಲ್ಲಿ ಅದಕ್ಕೆಂದು ಕೊರೆದ ಕಚ್ಚು ಎದುರಿಗೆ ಬರುವುದು 5 ಎಳೆದಿದ್ದಾಗ ಮಾತ್ರ. ಈಗ ಅಲ್ಲಿರುವುದು ಗಟ್ಟಿ ಅಂಚು. ತುಂಡಿಗೆ ಸರಿಯಲು ಜಾಗವಿಲ್ಲ, 3 ಮಿಸುಕುವುದಿಲ್ಲ. 5 ಎಳೆದಿದ್ದರೆ ತುಂಡು ಅದರ ಕಚ್ಚಿನೊಳಗೆ ಜಾರಿ ಕೂರುತ್ತದೆ, 3 ಬರುತ್ತದೆ. ಅದೇ ಕ್ಷಣದಿಂದ 5 ಸೆರೆ: ಸಿಗ್ನಲ್ ವಾಪಸ್ ಹಾಕುವ ತನಕ ಪಾಯಿಂಟನ್ನು ಅಲುಗಿಸಲಾಗದು. ಒಂದೇ ಲೋಹದ ತುಂಡು ಎರಡೂ ದಿಕ್ಕಿನ ನಿಯಮವನ್ನು ಕಾಯುತ್ತದೆ.

ಇನ್ನೊಂದು ಸೊಗಸು ನೋಡಿ. 2 ಮತ್ತು 3ನೆಯ ಸಿಗ್ನಲ್‌ಗಳು ಒಟ್ಟಿಗೆ ಇಳಿಯಲೇಬಾರದು. ಆದರೂ ಅವೆರಡರ ನಡುವೆ ಬೀಗ ಇಡುವ ಅಗತ್ಯವೇ ಇಲ್ಲ. 2ಕ್ಕೆ 5 ಎಳೆಯದ ಸ್ಥಿತಿಯಲ್ಲಿರಬೇಕು, 3ಕ್ಕೆ ಎಳೆದ ಸ್ಥಿತಿಯಲ್ಲಿ. ಒಂದು ಪಾಯಿಂಟ್ ಏಕಕಾಲಕ್ಕೆ ಎರಡೂ ಕಡೆ ಇರಲಾರದು, ಹಾಗಾಗಿ ಎರಡು ಸಿಗ್ನಲ್‌ಗಳು ತಾವಾಗಿಯೇ ಪರಸ್ಪರ ತಡೆದುಕೊಳ್ಳುತ್ತವೆ. ನೂರಾರು ಲಿವರುಗಳ ಕ್ಯಾಬಿನ್ನಿನಲ್ಲಿ ಇಂಥ ಉಳಿತಾಯ ಕಂಡುಹಿಡಿದು ಬೀಗದ ನಕ್ಷೆ ಬರೆಯುತ್ತಿದ್ದವರ ಜಾಣ್ಮೆಗೆ ಇಂದಿಗೂ ತಲೆಬಾಗಬೇಕು. ಶ್ರೂಸ್‌ಬರಿಯ ಸೆವರ್ನ್ ಬ್ರಿಜ್ ಜಂಕ್ಷನ್ ಕ್ಯಾಬಿನ್ 1903ರದ್ದು, 180 ಲಿವರುಗಳ ಚೌಕಟ್ಟು. ಅಂಥ ಜಾಲವನ್ನು ಕಾಗದ, ಪೆನ್ಸಿಲ್ ಹಿಡಿದೇ ಲೆಕ್ಕ ಹಾಕಿದ್ದರು.

ಇದು ಕೆಡುವ ಬಗೆಯೂ ಲೋಹದ್ದೇ. ಪಿನ್ನುಗಳು ಸವೆದು ಸಡಿಲವಾಗುತ್ತವೆ, ಬೀಗದ ತುಂಡಿನ ಮೂಲೆ ಉರುಟಾಗುತ್ತದೆ, ಕೊನೆಗೊಂದು ದಿನ ಬಾರದಿರಬೇಕಾದ ಲಿವರ್ ಬಲವಾಗಿ ಜಗ್ಗಿದರೆ ಬಂದುಬಿಡಬಹುದು. ಅದಕ್ಕೇ ಬೀಗಗಳನ್ನು ನಿಗದಿತ ಅವಧಿಗೆ ಒಂದೊಂದಾಗಿ ಪರೀಕ್ಷಿಸುವ ಕ್ರಮವಿದೆ. ಬರಬೇಕಾದ ಲಿವರುಗಳು ಬರುತ್ತವೆಯೇ ಎಂದು ನೋಡಿದರೆ ಪರೀಕ್ಷೆ ಮುಗಿಯುವುದಿಲ್ಲ. ಬರಬಾರದ ಪ್ರತಿಯೊಂದನ್ನೂ ಎಳೆದು ನೋಡಬೇಕು. ಈ ಮಾತು ನೆನಪಿರಲಿ, ಕಂಪ್ಯೂಟರಿನ ಪರೀಕ್ಷೆಯಲ್ಲೂ ಇದೇ ಬರುತ್ತದೆ.

ರಾಡು, ತಂತಿ, ಬಿಸಿಲು

ಕ್ಯಾಬಿನ್ನಿನಿಂದ ಪಾಯಿಂಟಿಗೆ ಹೋಗುವುದು ಉಕ್ಕಿನ ರಾಡು. ರೋಲರುಗಳ ಮೇಲೆ ಉರುಳುತ್ತ, ತಿರುವಿನಲ್ಲಿ ಕ್ರ್ಯಾಂಕ್ ಬಳಸಿ ದಿಕ್ಕು ಬದಲಿಸುತ್ತ ಸಾಗುತ್ತದೆ. ಬ್ರಿಟನ್ನಿನ ನಿಯಮ ಕೊನೆಗೆ ಒಪ್ಪಿದ ಗರಿಷ್ಠ ದೂರ 350 ಗಜ, ಅಂದರೆ 320 ಮೀಟರ್. ಆ ಮಿತಿ ಯಾಕೆಂದು ಒಂದು ಲೆಕ್ಕದಲ್ಲಿ ತಿಳಿಯುತ್ತದೆ. 300 ಮೀಟರ್ ಉದ್ದದ ಉಕ್ಕು 30 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 108 ಮಿಲಿಮೀಟರ್ ಹಿಗ್ಗುತ್ತದೆ. ಪಾಯಿಂಟಿನ ಅಲಗು, ಅಂದರೆ ಅದರ ಚಲಿಸುವ ಹಳಿಯ ತುದಿ, ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯುವ ದೂರವೂ ಹೆಚ್ಚುಕಡಿಮೆ ಅಷ್ಟೇ! ಏನೂ ಮಾಡದೆ ಬಿಟ್ಟರೆ ಯಾರೂ ಲಿವರ್ ಮುಟ್ಟದೆ ಬಿಸಿಲೇ ಪಾಯಿಂಟನ್ನು ತಿರುಗಿಸುತ್ತಿತ್ತು.

ಪರಿಹಾರ ಸರಳ. ರಾಡಿನ ನಟ್ಟನಡುವೆ ಎರಡು ಕ್ರ್ಯಾಂಕುಗಳ ಒಂದು ಜೋಡಣೆ ಹಾಕುತ್ತಾರೆ. ಅದರ ಹೆಸರು ಕಾಂಪೆನ್ಸೇಟರ್. ಒಂದು ಅರ್ಧ ನೂಕಿದರೆ ಇನ್ನೊಂದು ಅರ್ಧ ಎಳೆಯುವಂತೆ ಅದು ಚಲನೆಯನ್ನು ತಿರುಗುಮುರುಗು ಮಾಡುತ್ತದೆ. ಎರಡೂ ಅರ್ಧಗಳು ಸಮನಾಗಿ ಹಿಗ್ಗಿದಾಗ ನಡುವಿನ ಕ್ರ್ಯಾಂಕುಗಳು ತಿರುಗಿ ಆ ಹಿಗ್ಗನ್ನು ನುಂಗುತ್ತವೆ, ಎರಡು ತುದಿಗಳು ಇದ್ದಲ್ಲೇ ಇರುತ್ತವೆ. ದಾರಿಯಲ್ಲಿ ಬೇರೆ ಕ್ರ್ಯಾಂಕ್ ಬಂದರೆ ನೂಕುವ ಉದ್ದ, ಎಳೆಯುವ ಉದ್ದ ಮತ್ತೆ ಸಮವಾಗುವಂತೆ ಕಾಂಪೆನ್ಸೇಟರಿನ ಜಾಗ ಬದಲಾಗುತ್ತದೆ. ಇದನ್ನು ತಪ್ಪಾಗಿ ಹಾಕಿದರೆ ಬೇಸಿಗೆಯ ಮಧ್ಯಾಹ್ನ ಬೀಗದ ಲಿವರ್ ಬರುವುದೇ ಇಲ್ಲ.

ಬೀಗ ಎಂದೆನಲ್ಲ, ಅದು ಪಾಯಿಂಟಿನ ಬಳಿಯೇ ಇರುವ ಕಬ್ಬಿಣದ ಅಗುಳಿ. ಎರಡು ಅಲಗುಗಳನ್ನು ಜೋಡಿಸುವ ಅಡ್ಡಪಟ್ಟಿಯಲ್ಲಿ ಎರಡು ತೂತುಗಳಿವೆ, ಒಂದೊಂದು ದಿಕ್ಕಿಗೆ ಒಂದೊಂದು. ಅಲಗು ಪೂರ್ತಿ ಅಂಟಿಕೊಳ್ಳದಿದ್ದರೆ ತೂತು ಅಗುಳಿಗೆ ನೇರವಾಗುವುದಿಲ್ಲ. ಅದರ ಮೇಲೆ ಇನ್ನೊಂದು ಕಾವಲು: ಸಿಗ್ನಲ್ಲಿನ ತಂತಿ ಪಾಯಿಂಟಿನ ಪಕ್ಕದ ಜಾರುಪಟ್ಟಿಯೊಂದರ ಮೂಲಕವೇ ಹಾದುಹೋಗುತ್ತದೆ. ಅಲಗಿನ ಜೊತೆ ಸರಿಯುವ ಪಟ್ಟಿಯ ಕಚ್ಚು ಸರಿಹೊಂದಿದರೆ ಮಾತ್ರ ತಂತಿ ಮುಂದೆ ಹೋಗುತ್ತದೆ. ರಾಡು ನಡುವೆ ಮುರಿದು, ಲಿವರ್ ಬಂದರೂ ಪಾಯಿಂಟ್ ತಿರುಗದೆ ಇದ್ದರೆ? ಸಿಗ್ನಲ್ ಇಳಿಯದೆ ವಿಷಯ ಬಯಲಾಗುತ್ತದೆ. ಲಿವರನ್ನು ನಂಬಬೇಡ, ಪಾಯಿಂಟನ್ನೇ ಕೇಳು ಎನ್ನುವ ಈ ಪದ್ಧತಿಗೆ ಡಿಟೆಕ್ಷನ್ ಎಂದು ಹೆಸರು.

ತಂತಿಯ ಕಾಟ ಬೇರೆ. ಡಿಸ್ಟಂಟ್ ಸಿಗ್ನಲ್ ಕ್ಯಾಬಿನ್ನಿನಿಂದ ಸಾವಿರ ಗಜ ದೂರದಲ್ಲಿರಬಹುದು. ಬಿಸಿಲಿಗೆ ತಂತಿ ಜೋಲುತ್ತದೆ, ಲಿವರ್ ಪೂರ್ತಿ ಎಳೆದರೂ ಸಿಗ್ನಲ್ ಕಂಬದ ಕೈ ಅರ್ಧಕ್ಕೇ ನಿಲ್ಲುತ್ತದೆ. ಚಳಿಗೆ ಬಿಗಿಯಾಗುತ್ತದೆ, ಲಿವರ್ ವಾಪಸ್ ಹಾಕಿದರೂ ಕೈ ‘ಎಚ್ಚರ’ ಸ್ಥಿತಿಗೆ ಪೂರ್ತಿ ಮರಳದೆ ಇರಬಹುದು. ಎರಡನೆಯದೇ ಹೆಚ್ಚು ಅಪಾಯ. ಹಾಗಾಗಿ ಲಿವರಿನ ಬಳಿ ತಂತಿ ಬಿಗಿ ಮಾಡುವ ತಿರುಪು, ಕಣ್ಣಿಗೆ ಕಾಣದ ಸಿಗ್ನಲ್ಲಿನ ಸ್ಥಿತಿ ತೋರಿಸುವ ಪುಟ್ಟ ಮುಳ್ಳಿನ ಗಡಿಯಾರದಂಥ ಉಪಕರಣ ಎರಡೂ ಬಂದವು. 1876ರ ಜನವರಿ 21ರಂದು ಅಬಾಟ್ಸ್ ರಿಪ್ಟನ್‌ನಲ್ಲಿ ಹಿಮ ಗಟ್ಟಿಕೊಂಡು ಕೈಗಳು ಕಂಬದ ಸೀಳಿನೊಳಗೇ ‘ಹೋಗು’ ಸ್ಥಿತಿಯಲ್ಲಿ ಸಿಕ್ಕಿಕೊಂಡು ರೈಲುಗಳು ಡಿಕ್ಕಿಯಾದವು. ಆಮೇಲೆ ಕೈಯನ್ನು ಕಂಬದ ಹೊರಗೆ ತಂದರು. ರೈಲು ಬರುವ ತನಕ ಸಿಗ್ನಲ್ ‘ನಿಲ್ಲು’ ಎಂದೇ ಇರಬೇಕೆಂಬುದು ರೂಢಿಯಾಯಿತು.

ಕ್ಯಾಬಿನ್ನುಗಳ ನಡುವಿನ ಮಾತು

ಒಂದು ಕ್ಯಾಬಿನ್ ತನ್ನ ಅಂಗಳವನ್ನು ಕಾಯಬಲ್ಲದು. ಎರಡು ಕ್ಯಾಬಿನ್ನುಗಳ ನಡುವಿನ ಹಳಿಯನ್ನು ಕಾಯುವುದು ಹೇಗೆ? 1861ರ ಆಗಸ್ಟ್ 25ರಂದು ಬ್ರೈಟನ್ ಹತ್ತಿರದ ಕ್ಲೇಟನ್ ಸುರಂಗದಲ್ಲಿ ನಡೆದದ್ದು ಇದರ ಉತ್ತರವನ್ನು ರೂಪಿಸಿತು. ಸುರಂಗದ ಎರಡು ತುದಿಗೂ ಒಬ್ಬೊಬ್ಬ ಸಿಗ್ನಲ್‌ಮನ್, ನಡುವೆ ಟೆಲಿಗ್ರಾಫ್. ಮೊದಲ ರೈಲು ಒಳಹೊಕ್ಕಾಗ ತಾನಾಗಿಯೇ ‘ನಿಲ್ಲು’ ತೋರಿಸಬೇಕಿದ್ದ ಸಿಗ್ನಲ್ ಕೈಕೊಟ್ಟಿತು. ಬೆನ್ನಿಗೇ ಬಂದ ಎರಡನೆಯದಕ್ಕೆ ಸಿಗ್ನಲ್‌ಮನ್ ಗಡಿಬಿಡಿಯಲ್ಲಿ ಕೆಂಪು ಬಾವುಟ ಬೀಸಿದ. ಚಾಲಕ ನೋಡಿದ್ದ, ಆದರೆ ರೈಲು ನಿಂತದ್ದು ಸುರಂಗದೊಳಗೆ. ಸುರಂಗ ಖಾಲಿಯೇ ಎಂದು ಆಚೆಯವನನ್ನು ಕೇಳಿದಾಗ, ಮೊದಲ ರೈಲು ಹೊರಬಂದದ್ದನ್ನು ಕಂಡಿದ್ದ ಅವನು ಖಾಲಿ ಎಂದ. ಮೂರನೆಯ ರೈಲಿಗೆ ದಾರಿ ಸಿಕ್ಕಿತು. 23 ಮಂದಿ ಸತ್ತರು, 176 ಮಂದಿಗೆ ಗಾಯ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಂದೇ ಮಾತಿನಲ್ಲಿ ಒಬ್ಬನ ಮನಸ್ಸಿನಲ್ಲಿ ಒಂದು ರೈಲಿತ್ತು, ಇನ್ನೊಬ್ಬನ ಮನಸ್ಸಿನಲ್ಲಿ ಇನ್ನೊಂದು. ಬ್ಲಾಕ್ ಪದ್ಧತಿ ಈ ಗೊಂದಲಕ್ಕೇ ಜಾಗ ಕೊಡುವುದಿಲ್ಲ. ಒಂದು ಸೆಕ್ಷನ್ನಿನಲ್ಲಿ, ಅಂದರೆ ಎರಡು ಕ್ಯಾಬಿನ್ನುಗಳ ನಡುವಿನ ಹಳಿಯಲ್ಲಿ, ಒಂದು ಹೊತ್ತಿಗೆ ಒಂದೇ ರೈಲು. ಪ್ರಶ್ನೆ, ಉತ್ತರಗಳಿಗೆ ಗಂಟೆಯ ನಿಗದಿತ ಬಡಿತ. ಬ್ಲಾಕ್ ಉಪಕರಣದ ಮುಳ್ಳಿಗೆ ಮೂರೇ ಸ್ಥಾನ: ಲೈನ್ ಬ್ಲಾಕ್ಡ್ (ದಾರಿ ಮುಚ್ಚಿದೆ), ಲೈನ್ ಕ್ಲಿಯರ್ (ದಾರಿ ತೆರೆದಿದೆ), ಟ್ರೈನ್ ಆನ್ ಲೈನ್ (ಹಳಿಯಲ್ಲಿ ರೈಲಿದೆ).

ಬ್ರಿಟನ್ನಿನ ಪದ್ಧತಿಯಲ್ಲಿ ಅದು ಹೀಗೆ ನಡೆಯುತ್ತದೆ. ಹಿಂದಿನ ಕ್ಯಾಬಿನ್ 1 ಬಡಿತದಿಂದ ಗಮನ ಸೆಳೆಯುತ್ತದೆ, ಮುಂದಿನದು ಅದನ್ನೇ ಮರುನುಡಿಯುತ್ತದೆ. ಆಮೇಲೆ 3, ಸ್ವಲ್ಪ ಬಿಟ್ಟು 1: ಸಾಮಾನ್ಯ ಪ್ರಯಾಣಿಕರ ರೈಲಿಗೆ ದಾರಿ ಇದೆಯೇ? ಎಕ್ಸ್‌ಪ್ರೆಸ್ ಆದರೆ ಒಟ್ಟಿಗೆ 4. ದಾರಿಯಿದ್ದರೆ ಮುಂದಿನವನು ಅದೇ ಬಡಿತ ಮರಳಿಸಿ ಮುಳ್ಳನ್ನು ಲೈನ್ ಕ್ಲಿಯರ್‌ಗೆ ತಿರುಗಿಸುತ್ತಾನೆ. ರೈಲು ಹೊರಟಾಗ 2 ಬಡಿತ, ಮುಳ್ಳು ಟ್ರೈನ್ ಆನ್ ಲೈನ್‌ಗೆ. ರೈಲು ಮುಂದಿನ ಕ್ಯಾಬಿನ್ ದಾಟಿ, ಕೊನೆಯ ಗಾಡಿಯ ಬಾಲದ ದೀಪ ಕಣ್ಣಿಗೆ ಬಿದ್ದ ಮೇಲೆ 2, ಬಿಟ್ಟು 1: ಸೆಕ್ಷನ್ ಖಾಲಿ. 6 ಬಡಿತ ಬಂದರೆ ಅಪಾಯ, ಎಲ್ಲವನ್ನೂ ನಿಲ್ಲಿಸು. ಪ್ರತಿ ಬಡಿತದ ಸಮಯವೂ ರಿಜಿಸ್ಟರಿನಲ್ಲಿ ದಾಖಲು.

ಇಷ್ಟೆಲ್ಲ ಇದ್ದೂ ಖರ್ಚಿನ ನೆಪದಲ್ಲಿ ಕಂಪನಿಗಳು ತಡಮಾಡಿದವು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾದಲ್ಲಿ, ಏರು ಹತ್ತಲಾಗದೆ ಬಿಡಿಸಿಟ್ಟ ವಿಹಾರದ ರೈಲಿನ ಹಿಂಭಾಗ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ನಿಮಿಷಗಳ ಲೆಕ್ಕದಲ್ಲಿ ಅದರ ಹಿಂದೆಯೇ ಬಿಟ್ಟಿದ್ದ ರೈಲಿಗೆ ಬಡಿಯಿತು. 80 ಮಂದಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಪಾರ್ಲಿಮೆಂಟು ಕಾನೂನು ತಂದು ಪ್ರಯಾಣಿಕರ ಹಾದಿಗಳಲ್ಲಿ ಬ್ಲಾಕ್ ಪದ್ಧತಿ, ಇಂಟರ್‌ಲಾಕಿಂಗ್, ತಾನಾಗಿ ಹಿಡಿಯುವ ಬ್ರೇಕ್ ಮೂರನ್ನೂ ಕಡ್ಡಾಯ ಮಾಡಿತು. ಇಂದು ಉಳಿದಿರುವ ಕ್ಯಾಬಿನ್ನುಗಳಲ್ಲಿ ಅನೇಕವು ಆ ಕಾನೂನಿನ ನಂತರದ ದಶಕಗಳಲ್ಲಿ ಎದ್ದವು.

ಮರೆವಿಗೆ ಮದ್ದು

ಆದರೂ ಒಂದು ಕಿಂಡಿ ತೆರೆದೇ ಇತ್ತು: ಸಿಗ್ನಲ್‌ಮನ್ನನ ನೆನಪು. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್‌ನಲ್ಲಿ ಒಂದು ಲೋಕಲ್ ರೈಲನ್ನು ಎದುರು ದಿಕ್ಕಿನ ಹಳಿಗೆ ಸರಿಸಿ, ಕ್ಯಾಬಿನ್ನಿನ ಮುಂದೆಯೇ ನಿಲ್ಲಿಸಿದ್ದರು. ಪಾಳಿ ಬದಲಿಸಿದ ಸಿಗ್ನಲ್‌ಮನ್ ಅದೇ ರೈಲಿನಲ್ಲಿ ಕೆಲಸಕ್ಕೆ ಬಂದಿಳಿದವನು. ಕೆಲವೇ ನಿಮಿಷದಲ್ಲಿ ಅವನು ಅದನ್ನು ಮರೆತು, ಅದೇ ಹಳಿಗೆ ಸೈನಿಕರ ರೈಲನ್ನು ಒಪ್ಪಿಕೊಂಡ. ಸತ್ತವರು ಇನ್ನೂರಕ್ಕೂ ಹೆಚ್ಚು. ಹಳಿಯಲ್ಲಿ ರೈಲು ನಿಂತಿದ್ದರೆ ಆ ಸಿಗ್ನಲ್ಲಿನ ಲಿವರಿಗೆ ಉಕ್ಕಿನ ಬಳೆ ತೊಡಿಸಬೇಕೆಂಬ ನಿಯಮವಿತ್ತು. ಬಳೆ ಇದ್ದರೆ ಲಿವರಿನ ಹಿಡಿ ಒತ್ತಲಾಗದು, ಕೈಗೆ ತಗುಲಿದ ಕ್ಷಣವೇ ನೆನಪಾಗುತ್ತದೆ. ಅಂದು ಬಳೆ ಹಾಕಿರಲಿಲ್ಲ. ಮರೆವನ್ನು ತಡೆಯಲು ಇಟ್ಟ ಸಾಧನವನ್ನು ಬಳಸುವುದಕ್ಕೂ ನೆನಪೇ ಬೇಕಿತ್ತು.

ಈ ಬಲೆಯಿಂದ ಬಿಡಿಸಿದ್ದು ಟ್ರ್ಯಾಕ್ ಸರ್ಕ್ಯೂಟ್. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಇದನ್ನು ರೂಪಿಸಿದರು. ಹಳಿಯ ಒಂದು ತುಣುಕನ್ನು ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸಿ, ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ರಿಲೇ, ಅಂದರೆ ಕರೆಂಟ್ ಇರುವಷ್ಟು ಹೊತ್ತು ಮೇಲೆದ್ದಿರುವ ಸ್ವಿಚ್, ಕಟ್ಟುತ್ತಾರೆ. ರೈಲು ಬಂದರೆ ಗಾಲಿಯ ಅಚ್ಚು ಎರಡು ಹಳಿಗಳನ್ನು ಕೂಡಿಸಿ ರಿಲೇಗೆ ಕರೆಂಟ್ ಸಿಗದಂತೆ ಮಾಡುತ್ತದೆ, ರಿಲೇ ಬಿದ್ದುಹೋಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ, ತಂತಿ ಕಿತ್ತರೂ ಕೆಂಪೇ. ಅದರ ದೌರ್ಬಲ್ಯ ಇರುವುದು ಗಾಲಿ, ಹಳಿಗಳ ಸಂಪರ್ಕದಲ್ಲಿ. ತುಕ್ಕು ಹಿಡಿದ ಹಳಿ, ಅಥವಾ ಎಲೆ ಅರೆದು ಅಂಟಿದ ಪದರ ಇದ್ದರೆ ರೈಲಿದ್ದೂ ಇಲ್ಲವೆಂದು ತೋರಿಸಬಹುದು. 1935ರಲ್ಲಿ ವೆಲ್ವಿನ್ ಗಾರ್ಡನ್ ಸಿಟಿಯ ಅಪಘಾತದ ಬಳಿಕ ಇದನ್ನು ಬ್ಲಾಕ್ ಉಪಕರಣಕ್ಕೇ ಜೋಡಿಸಿದರು. ಒಮ್ಮೆ ಲೈನ್ ಕ್ಲಿಯರ್ ಕೊಟ್ಟ ಮೇಲೆ, ಆ ರೈಲು ಬಂದು ಟ್ರ್ಯಾಕ್ ಸರ್ಕ್ಯೂಟ್ ತುಳಿದು ದಾಟಿಹೋಗುವ ತನಕ ಇನ್ನೊಂದು ಲೈನ್ ಕ್ಲಿಯರ್ ಕೊಡಲು ಮುಳ್ಳು ತಿರುಗುವುದೇ ಇಲ್ಲ.

ಬದಲಿಯ ಕೆಲಸ

ಇಷ್ಟು ಚೆನ್ನಾಗಿ ಕಾಯುವ ಕ್ಯಾಬಿನ್ನನ್ನು ಯಾಕೆ ಮುಚ್ಚಬೇಕು? 320 ಮೀಟರಿನ ರಾಡಿನ ಮಿತಿಯಿಂದಾಗಿ ದೊಡ್ಡ ನಿಲ್ದಾಣವೊಂದಕ್ಕೇ ಹಲವು ಕ್ಯಾಬಿನ್ ಬೇಕು. ಒಂದೊಂದಕ್ಕೂ ಮೂರು ಪಾಳಿ, ಜೊತೆಗೆ ರಜೆಗೆ ಬದಲಿ ಜನ. ಬಿಡಿಭಾಗ ಸಿಗುವುದಿಲ್ಲ, ಬೀಗ ಸರಿಮಾಡುವ ಕೈಗಳು ಕಡಿಮೆಯಾಗುತ್ತಿವೆ. ಕಾರಣಗಳು ನ್ಯಾಯವಾದವೇ.

ಲೋಹದ ಜಾಗಕ್ಕೆ ಮೊದಲು ಬಂದದ್ದು ರಿಲೇ. ಕಚ್ಚು ಮತ್ತು ಬೀಗದ ತುಂಡು ಮಾಡುತ್ತಿದ್ದ ಕೆಲಸವನ್ನು ರಿಲೇಯ ಸಂಪರ್ಕಗಳು ಮಾಡಿದವು. ಸಂಪರ್ಕದ ಒಂದು ಬದಿಗೆ ಇಂಗಾಲ, ಇನ್ನೊಂದಕ್ಕೆ ಲೋಹ. ಎರಡೂ ಲೋಹವಾದರೆ ಕಿಡಿಗೆ ಬೆಸೆದುಕೊಂಡು ಬಿಡಿಸಲಾಗದು. ರಿಲೇ ಬೀಳುವುದು ತನ್ನ ತೂಕದಿಂದಲೇ, ಗುರುತ್ವವನ್ನು ನಂಬಿ. 1985ರಲ್ಲಿ ಲೆಮಿಂಗ್ಟನ್ ಸ್ಪಾದಲ್ಲಿ ಮೈಕ್ರೋಪ್ರೊಸೆಸರ್ ಇಂಟರ್‌ಲಾಕಿಂಗ್ ಬಂತು. ಮೂರು ಪ್ರೊಸೆಸರುಗಳು ಒಂದೇ ಲೆಕ್ಕ ಮಾಡುತ್ತವೆ, ಕನಿಷ್ಠ ಎರಡು ಒಪ್ಪಬೇಕು, ಒಪ್ಪದ ಮೂರನೆಯದನ್ನು ಹೊರಗಿಡಲಾಗುತ್ತದೆ.

ಬದಲಿಯ ಮೊದಲ ಹೆಜ್ಜೆ ಸಮೀಕ್ಷೆ. ಕಡತದ ನಕ್ಷೆಯನ್ನು ನೆಲದ ಮೇಲಿನ ವಾಸ್ತವಕ್ಕೆ ತಾಳೆ ಹಾಕಬೇಕು. ನೂರು ವರ್ಷದಲ್ಲಿ ಎರಡೂ ಬೇರೆಬೇರೆ ದಾರಿ ಹಿಡಿದಿರುತ್ತವೆ. ಆಮೇಲೆ ಕಂಟ್ರೋಲ್ ಟೇಬಲ್. ಒಂದೊಂದು ಸಿಗ್ನಲ್ಲಿಗೂ ಯಾವ ಪಾಯಿಂಟ್ ಎಲ್ಲಿರಬೇಕು, ಯಾವ ಹಳಿ ತುಣುಕು ಖಾಲಿಯಿರಬೇಕು, ಯಾವ ಎದುರು ಸಿಗ್ನಲ್ ಕೆಂಪಿರಬೇಕು ಎಂದು ಸಾಲುಸಾಲಾಗಿ ಬರೆಯುವುದು. ಕೆಳಗಿನ ಕೋಣೆಯ ಉಕ್ಕು ಕಾಗದಕ್ಕೆ ಇಳಿಯುವುದು ಇಲ್ಲಿ.

ಹೊಸ ಕೇಬಲ್, ಹೊಸ ದೀಪದ ಸಿಗ್ನಲ್, ಪಾಯಿಂಟ್ ಮೋಟಾರುಗಳನ್ನು ಹಳೆಯದು ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಜಾರಿಗೆ ಬರುವವರೆಗೆ ಹೊಸ ಸಿಗ್ನಲ್ಲಿಗೆ ಮುಸುಕು ಹಾಕಿ ಮುಚ್ಚಿರಬೇಕು, ಚಾಲಕನಿಗೆ ಎರಡು ಮಾತು ಕಾಣಬಾರದು. ಕೊನೆಗೆ ರೈಲು ನಿಲ್ಲಿಸಿದ ಕೆಲವು ದಿನಗಳಲ್ಲಿ ರಾಡು ಬಿಚ್ಚಿ ಮೋಟಾರ್ ಜೋಡಿಸಿ, ಪರೀಕ್ಷೆ ಮಾಡುತ್ತಾರೆ. ಪರದೆಯಲ್ಲಿ ಪಾಯಿಂಟ್ ತಿರುಗಿದೆ ಎಂದಾಗ ಹಳಿ ಪಕ್ಕ ನಿಂತವನು ಅದೇ ಪಾಯಿಂಟ್, ಅದೇ ದಿಕ್ಕಿಗೆ ತಿರುಗಿದೆ ಎಂದು ಕಣ್ಣಾರೆ ಕಂಡು ಹೇಳಬೇಕು. ಕಂಟ್ರೋಲ್ ಟೇಬಲಿನ ಪ್ರತಿ ಷರತ್ತನ್ನೂ ಒಂದೊಂದಾಗಿ ಮುರಿದು, ಸಿಗ್ನಲ್ ಹಸಿರಾಗಲು ನಿರಾಕರಿಸುತ್ತದೆಯೇ ಎಂದು ನೋಡಬೇಕು. ಬರಬಾರದ ಲಿವರನ್ನು ಎಳೆದು ನೋಡುವ ಹಳೆಯ ಕೆಲಸವೇ ಇದು.

ತಪ್ಪು ನುಸುಳುವುದು ಹೆಚ್ಚಾಗಿ ಈ ಹಳತು, ಹೊಸತರ ಸಂಧಿಯಲ್ಲಿ. 1988ರಲ್ಲಿ ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ ಬಳಿ ಸಿಗ್ನಲ್ ವ್ಯವಸ್ಥೆ ಬದಲಿಸುವ ಕೆಲಸ ನಡೆದಿತ್ತು. ನವೆಂಬರ್ 27ರಂದು ರಿಲೇ ಕೋಣೆಯಲ್ಲಿ ಹೊಸ ತಂತಿ ಹಾಕಿದ ತಂತ್ರಜ್ಞ, ಹಳೆಯ ತಂತಿಯ ರಿಲೇ ಕಡೆಯ ತುದಿಯನ್ನು ಬಿಚ್ಚಿದ, ಆದರೆ ಕತ್ತರಿಸಲಿಲ್ಲ, ತುದಿಗೆ ಟೇಪೂ ಸುತ್ತಲಿಲ್ಲ. ಪಕ್ಕಕ್ಕೆ ಬಗ್ಗಿಸಿ ಬಿಟ್ಟ. ಇನ್ನೊಂದು ತುದಿ ಫ್ಯೂಸಿಗೆ ಅಂಟಿಕೊಂಡೇ ಇತ್ತು. ಡಿಸೆಂಬರ್ 11ರಂದು ಪಕ್ಕದ ರಿಲೇ ಬದಲಿಸುವಾಗ ಆ ಬೇಡವಾದ ತಂತಿ ಅಲುಗಿ ತನ್ನ ಹಳೆಯ ಜಾಗಕ್ಕೆ ಮತ್ತೆ ತಾಗಿತು. ಮರುದಿನ ಬೆಳಿಗ್ಗೆ ಹಳಿಯಲ್ಲಿ ರೈಲು ನಿಂತಿದ್ದರೂ ಹಿಂದಿನ ಸಿಗ್ನಲ್ ಕೆಂಪಾಗಲಿಲ್ಲ. 35 ಮಂದಿ ಸತ್ತರು. ಆ ತಂತ್ರಜ್ಞ ಹಿಂದಿನ 13 ವಾರಗಳಲ್ಲಿ ಒಂದೇ ಒಂದು ದಿನ ರಜೆ ಪಡೆದಿದ್ದ. ಒಂದೊಂದು ಟರ್ಮಿನಲ್ಲಿಗೆ ಎಷ್ಟು ತಂತಿ ಇರಬೇಕು, ಎಷ್ಟಿವೆ ಎಂದು ಬೇರೊಬ್ಬರು ಎಣಿಸಿ ನೋಡಬೇಕಿತ್ತು, ಯಾರೂ ಎಣಿಸಿರಲಿಲ್ಲ. ತಪ್ಪನ್ನು ಒಬ್ಬನ ತಲೆಗೆ ಕಟ್ಟಿ ಮುಗಿಸದೆ, ಅಷ್ಟು ದಣಿದವನ ಕೆಲಸವನ್ನು ಪರಿಶೀಲನೆಯಿಲ್ಲದೆ ಒಪ್ಪಿದ ವ್ಯವಸ್ಥೆಯನ್ನೂ ಆ ತನಿಖೆ ಪ್ರಶ್ನಿಸಿತು. ಅದು ಸರಿಯಾದ ದಾರಿ.

2016ರ ಡಿಸೆಂಬರ್ 29ರಂದು ಕಾರ್ಡಿಫ್‌ನಲ್ಲಿ ನಡೆದದ್ದು ಅದೇ ಜಾತಿಯದು. ಬದಲಾವಣೆಯಲ್ಲಿ ಬೇಡವಾದ ಪಾಯಿಂಟ್‌ಗಳನ್ನು ನೇರ ದಾರಿಗೆ ಕೂರಿಸಿ ಭದ್ರಪಡಿಸಬೇಕಿತ್ತು. ಒಂದು ಜೋಡಿ ಬಿಟ್ಟುಹೋಗಿತ್ತು. ಹೊಸ ವ್ಯವಸ್ಥೆಗೆ ಆ ಪಾಯಿಂಟ್ ಇದೆಯೆಂಬುದೇ ಗೊತ್ತಿಲ್ಲ, ಹಾಗಾಗಿ ಸಿಗ್ನಲ್ ದಾರಿ ಕೊಟ್ಟಿತು. ಚಾಲಕ ಅಲಗುಗಳು ತಪ್ಪು ದಿಕ್ಕಿಗಿರುವುದನ್ನು ಗಮನಿಸಿ ಮೊದಲೇ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಮರುವರ್ಷ ವಾಟರ್‌ಲೂನಲ್ಲಿ ಪರೀಕ್ಷೆಗಾಗಿ ಹಾಕಿದ ತಾತ್ಕಾಲಿಕ ತಂತಿಗಳು ಪಾಯಿಂಟಿನ ನಿಜಸ್ಥಿತಿಯನ್ನು ಮರೆಮಾಡಿ ರೈಲೊಂದು ನಿಂತಿದ್ದ ಗಾಡಿಗಳಿಗೆ ಬಡಿದಾಗ, ಕ್ಲ್ಯಾಪಮ್‌ನ ಪಾಠ ಮಾಸುತ್ತಿದೆ ಎಂಬ ಕಳವಳ ತನಿಖಾ ವರದಿಯಲ್ಲೇ ಬಂತು.

ಕಿಟಕಿಯ ಕೆಲಸ ಯಾರಿಗೆ?

ಕಂಟ್ರೋಲ್ ಟೇಬಲಿಗೆ ಸಿಗದ ಕೆಲಸಗಳೂ ಕ್ಯಾಬಿನ್ನಿನಲ್ಲಿ ನಡೆಯುತ್ತಿದ್ದವು. ಕಿಟಕಿಯಲ್ಲಿ ನಿಂತವನು ದಾಟುವ ರೈಲಿನ ಬಾಲದ ದೀಪ ನೋಡುತ್ತಿದ್ದ. ಇಲ್ಲದಿದ್ದರೆ ಗಾಡಿ ಕಳಚಿ ಹಿಂದೆ ಉಳಿದಿದೆ ಎಂದರ್ಥ. ಈಗ ಆಕ್ಸಲ್ ಕೌಂಟರ್ ಒಳಹೋದ ಅಚ್ಚುಗಳನ್ನೂ ಹೊರಬಂದವನ್ನೂ ಎಣಿಸುತ್ತದೆ. 40 ಹೋಗಿ 36 ಬಂದರೆ ಸೆಕ್ಷನ್ ಖಾಲಿಯಲ್ಲ. ತುಕ್ಕು, ಎಲೆಗಳ ಕಾಟ ಇದಕ್ಕಿಲ್ಲ. ಆದರೆ ಟ್ರ್ಯಾಕ್ ಸರ್ಕ್ಯೂಟ್ ಕೆಲವೊಮ್ಮೆ ಮುರಿದ ಹಳಿಯನ್ನೂ ತೋರಿಸಿಕೊಡುತ್ತಿತ್ತು. ಎಣಿಕೆಯ ಯಂತ್ರ ಅದನ್ನು ತೋರಿಸಲಾರದು. ಕರೆಂಟ್ ಹೋಗಿ ಎಣಿಕೆ ತಪ್ಪಿದರೆ ಯಾರೋ ಸೊನ್ನೆಗೆ ತರಬೇಕು, ಅದಕ್ಕೆ ಮೊದಲು ಸೆಕ್ಷನ್ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿ ಮತ್ತೆ ಮನುಷ್ಯನ ಮಾತಿಗೇ ಬಂದು ನಿಲ್ಲುತ್ತೇವೆ.

ಹೊಗೆಯಾಡುವ ಬೇರಿಂಗ್, ತೆರೆದ ಬಾಗಿಲು, ವಾಲಿದ ಸರಕು ಕಂಡರೆ ಮುಂದಿನ ಕ್ಯಾಬಿನ್ನಿಗೆ 7 ಬಡಿತ: ನಿಲ್ಲಿಸಿ ಪರೀಕ್ಷಿಸು. ಬಿಸಿ ಬೇರಿಂಗಿಗೆ ಈಗ ಹಳಿ ಪಕ್ಕದಲ್ಲಿ ಶಾಖ ಅಳೆಯುವ ಯಂತ್ರವಿದೆ. ಲೆವೆಲ್ ಕ್ರಾಸಿಂಗ್ ನೋಡಲು ಕ್ಯಾಮೆರಾ, ಇಲ್ಲವೇ ರಾಡಾರ್ ಇದೆ. ವಾಲಿದ ಸರಕನ್ನು ದಾರಿಯ ಬದಿಯಿಂದ ನೋಡುವ ಕಣ್ಣು ಮಾತ್ರ ಬಹಳ ಕಡೆ ಇಲ್ಲವಾಗಿದೆ. ಆದ್ದರಿಂದ ಮುಚ್ಚುವ ಮೊದಲು ಅಲ್ಲಿ ದುಡಿದವರನ್ನು ಕೂರಿಸಿಕೊಂಡು ಕೇಳುವುದು ಅತ್ಯಗತ್ಯ. ಯಾವ ಪಾಯಿಂಟಿಗೆ ಮಳೆನೀರು ನಿಲ್ಲುತ್ತದೆ, ಯಾವ ಸಿಗ್ನಲ್ ಸಂಜೆ ಬಿಸಿಲಿಗೆ ಕಾಣುವುದಿಲ್ಲ ಎಂಬುದು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ.

ಚೌಕಟ್ಟು ಬಿಚ್ಚುವವರಿಗೆ

2013ರಲ್ಲಿ ಇಂಗ್ಲೆಂಡಿನ 26 ಕ್ಯಾಬಿನ್ನುಗಳಿಗೆ ಪಾರಂಪರಿಕ ಕಟ್ಟಡದ ರಕ್ಷಣೆ ಸಿಕ್ಕಿತು. ಕಟ್ಟಡ ಉಳಿದರೂ ಒಳಗಿನ ಚೌಕಟ್ಟು ಗುಜರಿಗೆ ಹೋದರೆ ಉಳಿದದ್ದು ಬರೀ ಗಾಜಿನ ಕೋಣೆ. ಚೌಕಟ್ಟು ಬೇರೆಡೆಗೆ ಒಯ್ಯುವವರು ಮೊದಲು ಬೀಗದ ನಕ್ಷೆ ಸಂಪಾದಿಸಬೇಕು. ಎಲ್ಲ ಲಿವರುಗಳನ್ನೂ ಸಹಜ ಸ್ಥಿತಿಗೆ ತಂದು, ಬೀಗದ ತಟ್ಟೆಗಳನ್ನು ನೇರ ಮೇಲಿನಿಂದ ಫೋಟೊ ತೆಗೆದು, ಪ್ರತಿ ಪಟ್ಟಿಗೂ ಪ್ರತಿ ತುಂಡಿಗೂ ಸಂಖ್ಯೆ ಕೊರೆದು, ಯಾವ ಮುಖ ಯಾವ ಕಡೆಗಿತ್ತೆಂದು ಗುರುತಿಸಿ, ಆಮೇಲಷ್ಟೇ ಬೋಲ್ಟಿಗೆ ಕೈ ಹಾಕಬೇಕು. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಉಜ್ಜುವಾಗ ಧೂಳು ಒಳಗೆ ಹೋಗದಂತೆ ನೋಡಿಕೊಳ್ಳಬೇಕು. ಲಿವರಿನ ಮೇಲಿನ ಹಿತ್ತಾಳೆ ಫಲಕದಲ್ಲಿ ಕೆತ್ತಿದ ಸಂಖ್ಯೆಗಳನ್ನು ಜೋಪಾನ ಮಾಡಬೇಕು. ಈ ಲಿವರಿಗೆ ಮೊದಲು ಯಾವ ಯಾವ ಲಿವರ್ ಎಳೆದಿರಬೇಕು ಎಂಬ ಪಟ್ಟಿ ಅದು.

ಹೀಗೆ ಒಯ್ದು ನಿಲ್ಲಿಸಿದ್ದಕ್ಕೆ ಒಳ್ಳೆಯ ಉದಾಹರಣೆ 1985ರಲ್ಲಿ ಮುಚ್ಚಿದ ಎಕ್ಸಿಟರ್ ವೆಸ್ಟ್. 131 ಲಿವರುಗಳ ಆ ಕ್ಯಾಬಿನ್ ಈಗ ಕ್ರೂ ಊರಿನ ಪರಂಪರೆ ಕೇಂದ್ರದಲ್ಲಿದೆ. ಲಿವರುಗಳಿಗೆ ಅಲ್ಲಿ ಪಾಯಿಂಟಿಲ್ಲ, ಕೈಮರವಿಲ್ಲ. ಕಂಪ್ಯೂಟರ್ ಸೃಷ್ಟಿಸುವ ಕಾಲ್ಪನಿಕ ರೈಲುಗಳಿಗೆ ಗಂಟೆ ಬಡಿಯುತ್ತದೆ, ಬ್ಲಾಕ್ ಮುಳ್ಳು ತಿರುಗುತ್ತದೆ. ಕೆಳಗಿನ ಬೀಗಗಳು ಮಾತ್ರ ಕಾಲ್ಪನಿಕವಲ್ಲ. ಪಾಯಿಂಟ್ ಎಳೆಯದೆ ಸಿಗ್ನಲ್ಲಿಗೆ ಕೈ ಹಾಕಿದರೆ ಲಿವರ್ ಬರುವುದಿಲ್ಲ.